ಹಲ್ಲಿನಿಂದ ಕೇಳುತ್ತಿದ್ದ ಉಸ್ತಾದರು

ಒಂದು ಮೊಳ ಉದ್ದದ ಸ್ಕ್ರೂ ಡ್ರೈವರು. ಅದರ ಮರದ ಹಿಡಿಯನ್ನು ಹಲ್ಲುಗಳ ನಡುವೆ ಗಟ್ಟಿಯಾಗಿ ಕಚ್ಚಿ, ಕಬ್ಬಿಣದ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಊರಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅವರು ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಇಂಜಿನ್ನಿನ ನಡುಕಕ್ಕೆ ಅವರ ಬಿಳಿ ಗಡ್ಡ ಸಣ್ಣಗೆ ಅದುರುತ್ತಿತ್ತು. ಮೊದಲ ಸಲ ಆ ದೃಶ್ಯ ಕಂಡಾಗ ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದಿದ್ದೆ. ಈ ಮನುಷ್ಯನಿಗೆ ಈಗ ಏನೋ ಆಗುತ್ತದೆ ಎಂದು ನನ್ನ ಹೆದರಿಕೆ. ಆಗಿದ್ದಿಷ್ಟೇ: ಅವರು ಕಣ್ಣು ತೆರೆದರು, ಸ್ಕ್ರೂ ಡ್ರೈವರನ್ನು ಅಂಗಿಗೆ ಒರೆಸಿ ಜೇಬಿಗೆ ಇಳಿಸಿದರು, "ನೀರಿನ ಪಂಪಿನ ಬೇರಿಂಗ್ ಅಳಾಕತ್ತೈತ್ರಿ. ಇನ್ನ ಮೂರು ತಿಂಗಳು ನಡೀತೈತಿ. ಅವಸರಿಲ್ಲ" ಎಂದರು. ಬೇರಿಂಗ್ ಮೂರು ತಿಂಗಳ ಮೇಲೆ ನಾಲ್ಕು ದಿನ ನಡೆಯಿತು.

ಕಮರಿಪೇಟೆಯ ಅಂಚಿನಲ್ಲಿ ಅವರದೊಂದು ತಗಡಿನ ಗ್ಯಾರೇಜು. ಫಲಕವಿರಲಿಲ್ಲ. ಹುಬ್ಬಳ್ಳಿಯ ಮಂದಿ "ಕಿವುಡ ಉಸ್ತಾದರ ಗ್ಯಾರೇಜ್" ಅನ್ನುತ್ತಿದ್ದರು, ಅವರಿಗೆ ಅದು ಗೊತ್ತಿತ್ತು, ಬೇಜಾರಿರಲಿಲ್ಲ. ಹರೆಯದಲ್ಲಿ ಹದಿನೆಂಟು ವರ್ಷ ಲಾರಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ತಗಡು ಬಡಿದು ಅವರ ಕಿವಿ ಹೋಗಿತ್ತು. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಒಂದಿಷ್ಟು ಕೇಳುತ್ತಿತ್ತು. ಉಳಿದದ್ದನ್ನು ನಮ್ಮ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಇಂಜಿನ್ನಿನ ಸದ್ದು ಮಾತ್ರ ಹಲ್ಲಿನಿಂದ ನೇರವಾಗಿ ತಲೆಬುರುಡೆಗೆ ಇಳಿಯುತ್ತದೆ, ಅದಕ್ಕೆ ಕಿವಿಯ ಹಂಗಿಲ್ಲ ಎಂದು ಅವರೇ ಒಮ್ಮೆ ನನಗೆ ವಿವರಿಸಿದ್ದರು.

ನಾನಾಗ ಹುಬ್ಬಳ್ಳಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪಿಯುಸಿಗೆ ಕನ್ನಡ ಕಲಿಸುತ್ತಿದ್ದೆ. ಮನೆ ಧಾರವಾಡದಲ್ಲಿ. ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುವ ಸಂಕಟ ಎಂಟು ವರ್ಷ ಸಹಿಸಿದ ಮೇಲೆ, ತೊಂಬತ್ತಾರನೇ ಇಸವಿಯಲ್ಲಿ, ಒಂಬತ್ತು ವರ್ಷ ಹಳೆಯದಾದ ಬಿಳಿಯ ಪುಟ್ಟ ಕಾರೊಂದನ್ನು ಕೊಂಡೆ. ಹಿಂದೆ ಡಿಕ್ಕಿಯ ಬದಲು ಮೇಲಕ್ಕೆತ್ತುವ ಬಾಗಿಲಿದ್ದ, ನಾಲ್ಕು ಜನ ಕೂತರೆ ಐದನೆಯವರ ಬಗ್ಗೆ ಯೋಚಿಸಬೇಕಾದಂಥ ಕಾರು. ನನ್ನ ಯಜಮಾನರು ಸೈಕಲ್ಲಿನಿಂದ ಎರಡು ಸಲ ಬಿದ್ದ ಮೇಲೆ ಚಕ್ರಗಳ ಸಹವಾಸವನ್ನೇ ಬಿಟ್ಟವರು. ಹಾಗಾಗಿ ಓಡಿಸುವ ಕೆಲಸವೂ ಅದರ ಕಾಯಿಲೆ ಕಸಾಲೆಯೂ ನನ್ನ ಪಾಲಿಗೇ ಬಂದವು. ಅತ್ತೆಯವರು ಮೊದಲ ದಿನ ಕಾರಿಗೆ ಆರತಿ ಮಾಡಿ, ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಕೂತು, "ಮನಿಯಾಗಿನ ಮಾಡಕ್ಕಿಂತ ಸಣ್ಣದೈತಿ, ಆದ್ರೂ ಛಲೋ ಐತಿ" ಎಂದರು. ಮಾಡು ಅಂದರೆ ನಮ್ಮಲ್ಲಿ ಗೋಡೆಯೊಳಗಿನ ಗೂಡು.

ಮೊದಲ ವಾರವೇ ಕಾರು ಬಿಸಿಯಾಗತೊಡಗಿತು. ಉಣಕಲ್ ಕೆರೆ ಬರುವಷ್ಟರಲ್ಲಿ ಮುಳ್ಳು ಕೆಂಪಿಗೆ ಏರುತ್ತಿತ್ತು, ಮುಂದಿನಿಂದ ಹಬೆ ಏಳುತ್ತಿತ್ತು. ಇಬ್ಬರು ಮೆಕ್ಯಾನಿಕರು ನೋಡಿದರು. ಒಬ್ಬರು ಒಂದು ಸಾಮಾನು ಬದಲಿಸಿದರು, ಇನ್ನೊಬ್ಬರು ಅದರ ಪಕ್ಕದ್ದನ್ನು ಬದಲಿಸಿದರು. ಹಬೆ ಮಾತ್ರ ಬದಲಾಗಲಿಲ್ಲ. ಆಗ ಕಾಲೇಜಿನ ಗುಮಾಸ್ತರು ಉಸ್ತಾದರ ಗ್ಯಾರೇಜಿನ ದಾರಿ ಹೇಳಿದರು.

ನಾನು ಹೋಗಿ ನಿಂತು ಕಾರಿನ ಕಥೆಯನ್ನೆಲ್ಲ ವಿಸ್ತಾರವಾಗಿ ಹೇಳತೊಡಗಿದೆ. ಅವರು ಕೈ ಎತ್ತಿ ತಡೆದರು.

"ಕೊಂಡಿಂದ ತೋರಿಸಾಕ ತಂದೀರಿ, ಅಲ್ರಿ? ಲಗ್ನಾದ ಮ್ಯಾಲ ಕುಂಡಲಿ ತೋರಿಸಿದಂಗಾತು."

ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವರು ಯಾವುದಕ್ಕೂ ಕಾಯದೆ ಮುಂದಿನ ಬಾನೆಟ್ ಎತ್ತಿ, ರೇಡಿಯೇಟರಿನ ಜಾಲರಿಯೊಳಗೆ ಒಂದು ಮೊಳೆ ತೂರಿಸಿ, ಹೊರಕ್ಕೆ ಎಳೆದರು. ಮೊಳೆಯ ತುದಿಗೆ ಬೂದುಬಣ್ಣದ ಎಳೆಯೊಂದು ಅಂಟಿ ಬಂತು. ಬೆರಳಲ್ಲಿ ಹೊಸೆದು ನೋಡಿದರು.

"ಅಕ್ಕಾರ, ಈ ಗಾಡಿ ಮೊದಲಿನ ಮಾಲಕರು ಹತ್ತಿ ದಲಾಲಿ ಮಾಡ್ತಿದ್ರೇನು?"

ಹೌದು, ಮಾಡುತ್ತಿದ್ದರು. ಆ ಕಾರು ಒಂಬತ್ತು ವರ್ಷ ಹತ್ತಿ ಮಾರುಕಟ್ಟೆಯ ಬಯಲಲ್ಲಿ ನಿಂತು ನಿಂತು, ಗಾಳಿಗೆ ಹಾರಿದ ಹತ್ತಿಯ ಎಳೆಗಳನ್ನೆಲ್ಲ ಉಸಿರಾಡಿ ಒಳಗೆ ಗಾದಿ ಮಾಡಿಕೊಂಡಿತ್ತು. ಉಸ್ತಾದರು ಯಾವ ಸಾಮಾನನ್ನೂ ಬದಲಿಸಲಿಲ್ಲ. ಬಣ್ಣ ಬಳಿಯುವ ಕುಂಚ, ಒಂದು ಬಕೆಟ್ ನೀರು, ಎರಡು ತಾಸಿನ ತಾಳ್ಮೆ. ಕೊನೆಗೆ ನೆಲದ ಮೇಲೆ ಬಿದ್ದ ಒದ್ದೆ ಹತ್ತಿಯನ್ನು ಗುಡ್ಡೆ ಮಾಡಿ, "ಒಂದು ಸಣ್ಣ ತಲಿದಿಂಬು ಆಕ್ಕೈತಿ, ಒಯ್ತೀರೇನ್ರಿ?" ಎಂದು ಕೇಳಿದರು.

ಆ ದಿನದಿಂದ ಅವರು ನನ್ನನ್ನು "ಅಕ್ಕಾರ" ಅನ್ನುವುದೂ, ನಾನು ಅವರನ್ನು "ಉಸ್ತಾದರ" ಅನ್ನುವುದೂ ಗಟ್ಟಿಯಾಯಿತು.

ಕೂಗಿ ಕೂಗಿ ನನ್ನ ಗಂಟಲು ಕೆಡುತ್ತಿದ್ದುದರಿಂದ ನಾವೊಂದು ಉಪಾಯ ಕಂಡುಕೊಂಡೆವು. ನನ್ನ ಚೀಲದಲ್ಲಿ ಸದಾ ಸೀಮೆಸುಣ್ಣ ಇರುತ್ತಿತ್ತು. ಅವರ ಗ್ಯಾರೇಜಿನ ತಗಡಿನ ಬಾಗಿಲು ಕಪ್ಪಗಿತ್ತು. ಅವರು ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವರು, ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ನಾನು ಮೊದಲ ಸಲ ಬರೆದದ್ದು ನನಗೆ ಇನ್ನೂ ನೆನಪಿದೆ: "ಕಳೆದ ಕೆಲವು ದಿನಗಳಿಂದ ಮುಂಜಾನೆಯ ಸಮಯದಲ್ಲಿ ಕಾರು ಪ್ರಾರಂಭವಾಗಲು ಬಹಳ ತೊಂದರೆ ಕೊಡುತ್ತಿದೆ."

ಓದಿ ಮುಗಿಸಿದವರು ತಲೆ ಅಲ್ಲಾಡಿಸಿದರು. "ಇಷ್ಟುದ್ದ ಬರದು ಏನೂ ಹೇಳಲಿಲ್ಲ ನೋಡ್ರಿ. ಯಾವಾಗ? ಎಲ್ಲೆ? ಅದಕ್ಕಿಂತ ಮೊದಲ ಏನಾಗಿತ್ತು? ಈ ಮೂರು ಬರೀರಿ. ಉಳಿದದ್ದು ಗಾಡಿ ಹೇಳ್ತೈತಿ."

ಕನ್ನಡದಲ್ಲಿ ಎಂ.ಎ. ಮಾಡಿದವಳ ವಾಕ್ಯವನ್ನು ಹೀಗೆ ಯಾರೂ ತಿದ್ದಿರಲಿಲ್ಲ. ಬಟ್ಟೆಯಿಂದ ಒರೆಸಿ ಮತ್ತೆ ಬರೆದೆ. "ಮುಂಜಾನೆ. ಮನೆಯಲ್ಲಿ. ರಾತ್ರಿ ಮಳೆ." ಅವರು ಖುಷಿಯಾಗಿ, "ಹಾಂ! ಈಗ ಸಾಲಿ ಕಲ್ತವರಂಗ ಬರದ್ರಿ" ಎಂದರು.

ಬರೀ ಬಾಯಲ್ಲಿ ಹೇಳುವುದು ಅವರ ಜಾಯಮಾನವಲ್ಲ. ಮಟಮಟ ಮಧ್ಯಾಹ್ನ ಗ್ಯಾರೇಜಿನ ಬಾಗಿಲು ಮುಚ್ಚಿ, ಕಿಂಡಿಗೆ ಗೋಣಿಚೀಲ ತುರುಕಿ, ಒಳಗೆ ಕತ್ತಲು ಮಾಡಿದರು. ಬಾನೆಟ್ ಎತ್ತಿ, ವೈರುಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿ, ನನಗೆ ಚಾವಿ ತಿರುಗಿಸಲು ಹೇಳಿದರು. ಇಣುಕಿ ನೋಡಿದರೆ, ಪ್ಲಗ್ಗಿಗೆ ಹೋಗುವ ವೈರುಗಳ ಮೈತುಂಬ ನೀಲಿ ಕಿಡಿಗಳು ಪಟಪಟನೆ ಹಾರಾಡುತ್ತಿದ್ದವು. "ಕರೆಂಟ್ ಸೋರಾಕತ್ತೈತಿ. ವೈರ್ ಮುದುಕ ಆಗಿ ಮೈ ಬಿರದೈತಿ. ನಿಮ್ಮ ಧಾರವಾಡದ ಮಳಿ ಒಳಗ ಹೊಕ್ಕೈತಿ" ಎಂದರು. ಧಾರವಾಡದ ಮಳೆಯ ಬಗ್ಗೆ ನಾನು ತರಗತಿಯಲ್ಲಿ ಎಷ್ಟೋ ಮಾತಾಡಿದ್ದೆ. ಅದು ಕಾರಿನೊಳಗೂ ಹೋಗುತ್ತದೆಂದು ಹೊಳೆದಿರಲಿಲ್ಲ.

ಹೀಗೆ ಒಂದಾದ ಮೇಲೊಂದು. ಒಮ್ಮೆ ಅತ್ತೆಯವರ ಕೈಯಿಂದ ಉರುಳಿದ ನಿಂಬೆಹಣ್ಣು ಕಾಲ ಬುಡದ ಚಾಪೆ ಸರಿದಲ್ಲಿ ಮಾಯವಾಯಿತು. ಹಿಂದಿರುಗಿ ನೋಡಿದರೆ ರಸ್ತೆಯ ಮೇಲೆ ಪುಟಿಯುತ್ತಿತ್ತು. ತಗಡು ತುಕ್ಕು ಹಿಡಿದು ತೂತಾಗಿತ್ತು. "ಏ, ಕುಂತಲ್ಲೇ ರಸ್ತೆ ಕಾಣಾಕತ್ತೈತಿ" ಎಂದು ಅತ್ತೆಯವರು ಭಯವಿಲ್ಲದೆ ಬಗ್ಗಿ ನೋಡುತ್ತ ಕೂತರು. ಉಸ್ತಾದರು ಅದಕ್ಕೆ ತಗಡು ಕೂಡಿಸಿ ಬೆಸುಗೆ ಹಾಕಿದ ದಿನ ಅತ್ತೆಯವರಿಗೆ ಸ್ವಲ್ಪ ನಿರಾಸೆಯೇ ಆಯಿತು.

ನಾನು ಉಸ್ತಾದರಿಗೆ ಒಂದು ಸಲ ಮೋಸ ಮಾಡಿದ್ದೇನೆ. ಅದನ್ನೂ ಹೇಳಬೇಕು.

ಒಂದು ಬೇಸಿಗೆ ಕಾರಿಗೆ ವಿಚಿತ್ರ ಚಾಳಿ ಹತ್ತಿತು. ಧಾರವಾಡದಿಂದ ಚೆನ್ನಾಗಿಯೇ ಹೊರಟು, ಇಪ್ಪತ್ತು ನಿಮಿಷವಾಗುತ್ತಲೂ, ರಾಯಾಪುರದ ಆಸುಪಾಸಿನಲ್ಲಿ, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಹತ್ತು ನಿಮಿಷ ಸುಮ್ಮನೆ ಕೂತರೆ ಏನೂ ಆಗದವರಂತೆ ಮತ್ತೆ ಹೊರಡುತ್ತಿತ್ತು. ದಿನವೂ ಹೆಚ್ಚು ಕಡಿಮೆ ಅದೇ ಜಾಗ. ಅತ್ತೆಯವರು ಅಲ್ಲೇನೋ ಇದೆ ಎಂದು ತೀರ್ಮಾನಿಸಿ, ಒಂದು ದಿನ ತಾವೇ ಬಂದು ಅಲ್ಲಿ ಇಳಿದು ಕಾಯಿ ಒಡೆದರು. ಕಾಯಿ ಹೋಳಾಯಿತು, ಕಾರು ಹೊರಡಲಿಲ್ಲ. ಆ ವಾರ ಉಸ್ತಾದರು ಊರಲ್ಲಿರಲಿಲ್ಲ. ನನಗೆ ತಾಳ್ಮೆಯೂ ಇರಲಿಲ್ಲ. ದೊಡ್ಡ ರಸ್ತೆಯ ಮೇಲೆ ಗಾಜಿನ ಬಾಗಿಲಿನ ಹೊಸ ವರ್ಕ್‌ಶಾಪೊಂದು ತೆರೆದಿತ್ತು. ಅಲ್ಲಿಗೆ ಒಯ್ದೆ. ಅವರು ಪೆಟ್ರೋಲ್ ಪಂಪು, ಫಿಲ್ಟರು, ಇನ್ನೂ ಏನೇನೋ ಬದಲಿಸಿ, ತೊಳೆದು, ಒಳಗೆ ಅತ್ತರು ಹೊಡೆದು ಕೊಟ್ಟರು. ಮರುದಿನ ಕಾರು ಘಮಘಮಿಸುತ್ತ ರಾಯಾಪುರದಲ್ಲಿ ನಿಂತಿತು.

ತಲೆ ತಗ್ಗಿಸಿಕೊಂಡು ಕಮರಿಪೇಟೆಗೆ ಹೋದೆ. ಉಸ್ತಾದರು ಒಳಗೆ ಇಣುಕಿದರು, ಮೂಸಿದರು, ಎಲ್ಲ ತಿಳಿಯಿತು. ಬೈಯಲಿಲ್ಲ. "ಹಳೇ ಸಾಮಾನು ಕೇಳಿ ಇಸಗೊಂಡೀರಿಲ್ಲೋ?" ಎಂದಷ್ಟೇ ಕೇಳಿದರು. ಅದೃಷ್ಟಕ್ಕೆ ಹಿಂದಿನ ಸೀಟಿನಲ್ಲಿ ಒಂದು ಚೀಲದಲ್ಲಿದ್ದವು. ಹಳೆಯ ಪಂಪನ್ನು ಕೈಗೆತ್ತಿಕೊಂಡು, ಅದರ ಬಾಯಿಗೆ ನನ್ನ ಹೆಬ್ಬೆರಳು ಇಡಿಸಿ, ಪಕ್ಕದ ಸನ್ನೆಕೋಲು ಒತ್ತಿದರು. ಪಂಪು ನನ್ನ ಬೆರಳನ್ನು ಎಳೆದು ಹಿಡಿದುಕೊಂಡಿತು. "ಕೂಸು ಚೀಪಿದಂಗ ಚೀಪ್ತೈತಿ. ಇದಕ್ಕೇನಾಗೈತ್ರಿ? ಏನೂ ಆಗಿಲ್ಲ" ಎಂದು ಅದನ್ನು ಮಗುವನ್ನು ಮಲಗಿಸಿದ ಹಾಗೆ ಬಟ್ಟೆಯ ಮೇಲಿಟ್ಟರು.

ತಗಡಿನ ಬಾಗಿಲಿನ ಮೇಲೆ ನಾನು ಬರೆದೆ: "ಇಪ್ಪತ್ತು ನಿಮಿಷದ ಮೇಲೆ. ರಾಯಾಪುರ." ಮೂರನೆಯದಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ. ಮೊದಲು ಏನೂ ಆಗಿರಲಿಲ್ಲ.

"ಹಂಗಂದ್ರ ನಡೀರಿ," ಎಂದರು ಅವರು, "ಅದು ಸಾಯೂದನ್ನ ನಾನು ಕಣ್ಣಾರೆ ನೋಡಬೇಕು."

ಧಾರವಾಡಕ್ಕೆ ಹೋಗಿ ಅಲ್ಲಿಂದ ತಿರುಗಿ ಬಂದೆವು. ಅವರು ನನ್ನ ಪಕ್ಕದಲ್ಲಿ ಮಂಡಿಯ ಮೇಲೆ ಅಂಗೈ ಊರಿ, ಮದುವೆಗೆ ಹೊರಟವರಂತೆ ನೆಟ್ಟಗೆ ಕೂತಿದ್ದರು. ರಾಯಾಪುರ ಬಂತು. ಕಾರು ಕೆಮ್ಮಿತು, ನಿಂತಿತು. ನಾನು ಬಾನೆಟ್ಟಿನ ಕಡೆ ಓಡಿದರೆ ಅವರು ಅತ್ತ ನೋಡಲೂ ಇಲ್ಲ. ಹಿಂದಕ್ಕೆ ಹೋಗಿ ಪೆಟ್ರೋಲ್ ಟಾಕಿಯ ಮುಚ್ಚಳ ತಿರುಗಿಸಿದರು. 'ಸುಸ್ಸ್' ಎಂದು ಗಾಳಿ ಒಳಗೆ ನುಗ್ಗಿತು. "ಈಗ ಚಾವಿ ಹಾಕ್ರಿ." ಕಾರು ತಟ್ಟನೆ ಹೊರಟಿತು.

"ಉಸಿರು ಕಟ್ಟಿತ್ರಿ ಪಾಪ," ಎಂದರು ಮುಚ್ಚಳವನ್ನು ನನ್ನ ಕಣ್ಣ ಮುಂದೆ ಹಿಡಿದು. "ಪೆಟ್ರೋಲ್ ಹೊರಗ ಹೋದಂಗ ಗಾಳಿ ಒಳಗ ಬರಬೇಕಲ್ರಿ. ಈ ಮುಚ್ಚಳದಾಗ ಗಾಳಿ ಹೋಗಾಕ ತೂತಿಲ್ಲ. ಇದು ನಿಮ್ಮ ಗಾಡಿದಲ್ಲ. ಎಲ್ಲಿಂದ ಬಂತ್ರಿ ಇದು?"

ನೆನಪಾಯಿತು. ಎರಡು ತಿಂಗಳ ಹಿಂದೆ ಪೆಟ್ರೋಲ್ ಹಾಕಿಸಿದ ಕಡೆ ಮುಚ್ಚಳ ಬಿಟ್ಟು ಬಂದಿದ್ದೆ. ಬೀದಿಬದಿಯ ಅಂಗಡಿಯಲ್ಲಿ ಸಿಕ್ಕ ಇನ್ನೊಂದನ್ನು ತಂದು ಹಾಕಿದ್ದೆ. ಅದನ್ನು ಒಂದು ಘಟನೆ ಎಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ನಕ್ಕರು. "ಮೂರನೇದು ನೀವು ಬರೀಲಿಲ್ಲ, ಅದ ಉತ್ತರ ಇತ್ತು." ಅತ್ತೆಯವರಿಗೆ ಈ ಸುದ್ದಿ ಹೇಳಿದಾಗ ಅವರು ಒಪ್ಪಲಿಲ್ಲ. ಕಾಯಿ ಒಡೆದದ್ದರಿಂದಲೇ ಉಸ್ತಾದರಿಗೆ ಬುದ್ಧಿ ಹೊಳೆಯಿತು ಎಂದರು. ಇದನ್ನು ನಾನು ಉಸ್ತಾದರಿಗೆ ಬರೆದು ತೋರಿಸಿದೆ. "ಖರೇ ಇರಬೇಕ್ರಿ. ನಮ್ಮ ಸಲಾಮ್ ಹೇಳ್ರಿ ಅವ್ವಾರಿಗೆ" ಎಂದರು ಗಂಭೀರವಾಗಿ.

ಮುಂದೊಂದು ದಿನ ಕ್ಲಚ್ಚಿನ ತಂತಿಯ ಎಳೆಗಳು ಬಿಚ್ಚಿಕೊಂಡಿದ್ದವೆಂದು ಅದನ್ನು ಬದಲಿಸಿದರು. ಬದಲಿಸಿ, ಕೈ ಒರೆಸಿಕೊಳ್ಳುತ್ತ, "ಈ ಹೊಸಾದೂ ಒಂದಿನ ಹರೀತೈತಿ. ನಿಮ್ಮನ್ನ ಕೇಳಿ ಹರಿಯೂದಿಲ್ಲ. ಐತವಾರ ಬರ್ರಿ, ಕಲಿಸ್ತೇನಿ" ಎಂದರು.

ಭಾನುವಾರ ಕಾಲೇಜಿನ ಹಿಂದಿನ ಬಯಲಿನಲ್ಲಿ ನನ್ನನ್ನು ಕೂರಿಸಿ, ಮೊದಲ ಪಾಠವಾಗಿ, ಕ್ಲಚ್ ತುಳಿಯದಂತೆ ಎಡಗಾಲನ್ನು ಮಡಿಸಿ ಸೀಟಿನ ಮೇಲೆ ಇಟ್ಟುಕೊಳ್ಳಲು ಹೇಳಿದರು. ಸೀರೆ ಉಟ್ಟವಳು ಪೂಜೆಗೆ ಕೂತ ಹಾಗೆ ಅರ್ಧ ಪದ್ಮಾಸನ ಹಾಕಿ ಕಾರು ಓಡಿಸುವುದನ್ನು ನೋಡಲು ಬಯಲಿನಲ್ಲಿ ಕ್ರಿಕೆಟ್ ಆಡುತ್ತಿದ್ದವರು ಆಟ ನಿಲ್ಲಿಸಿದರು. ಕ್ಲಚ್ಚಿಲ್ಲದೆ ಹೊರಡಬೇಕಾದರೆ ಇಂಜಿನ್ ಆರಿಸಿ, ಮೊದಲ ಗೇರಿಗೆ ಹಾಕಿ, ಚಾವಿ ತಿರುಗಿಸಬೇಕು. ಕಾರು ಕಪ್ಪೆಯ ಹಾಗೆ ನೆಗೆದು ಹೊರಡುತ್ತದೆ. ಮುಂದಿನ ಗೇರಿಗೆ ಹೋಗಬೇಕಾದರೆ ಬಲಗಾಲು ಸಡಿಲಿಸಿ, ಇಂಜಿನ್ನಿನ ಓಟವೂ ಚಕ್ರದ ಓಟವೂ ಒಂದಾಗುವ ಗಳಿಗೆಗೆ ಕಾಯಬೇಕು. ಆ ಗಳಿಗೆಯಲ್ಲಿ ಗೇರು ಬೆಣ್ಣೆಯಂತೆ ಜಾರುತ್ತದೆ. ಅದಕ್ಕೆ ಒಂದಿಷ್ಟು ಮೊದಲು ಅಥವಾ ಆಮೇಲೆ ಹಾಕಿದರೆ 'ಕರ್ರ್' ಎಂದು ಹಲ್ಲು ಕಡಿಯುತ್ತದೆ.

ನನ್ನದು ಅಂದು ಬರೀ 'ಕರ್ರ್'. ಉಸ್ತಾದರಿಗೆ ಆ ಸದ್ದು ಕೇಳದಿದ್ದರೂ ಪ್ರತಿ ಸಲ ಮುಖ ಹಿಂಡುತ್ತಿದ್ದರು. ಕೊನೆಗೆ ಗೇರಿನ ಹಿಡಿಯ ಮೇಲೆ ತಮ್ಮ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ಕಿವಿಲೆ ಹುಡುಕಬ್ಯಾಡ್ರಿ. ಅಂಗೈಗೆ ಗೊತ್ತಾಕ್ಕೈತಿ. ಒತ್ತಬ್ಯಾಡ್ರಿ, ಕೇಳ್ರಿ. ಬಾ ಅಂದಾಗ ಹೋಗ್ರಿ." ನಾಲ್ಕು ಭಾನುವಾರ ಬೇಕಾಯಿತು. ನಾಲ್ಕನೆಯ ಭಾನುವಾರ ಮೂರು ಗೇರನ್ನೂ ಸದ್ದಿಲ್ಲದೆ ಹಾಕಿ ಬಯಲನ್ನು ಸುತ್ತಿ ಬಂದೆ. ಯಾರ ಕಾರಿನ ಕ್ಲಚ್ಚು ಹೋದರೂ ತಳ್ಳಿಕೊಂಡು ಹೋಗುತ್ತಾರೆ, ನಾನೇಕೆ ಈ ಸರ್ಕಸ್ ಕಲಿಯುತ್ತಿದ್ದೇನೆ ಎಂದು ಮಾತ್ರ ಆಗಾಗ ಅನಿಸುತ್ತಿತ್ತು.

ಅದಕ್ಕೆ ಉತ್ತರ ಎರಡು ವರ್ಷದ ಮೇಲೆ ಸಿಕ್ಕಿತು. ಪಿಯುಸಿ ಎರಡನೇ ವರ್ಷದ ಪರೀಕ್ಷೆ, ಇತಿಹಾಸದ ಪೇಪರು. ಆ ಮುಂಜಾನೆ ಯಾವ ಮುನ್ಸೂಚನೆಯೂ ಇಲ್ಲದೆ ಮುಷ್ಕರವಾಗಿ ಧಾರವಾಡ-ಹುಬ್ಬಳ್ಳಿ ಬಸ್ಸುಗಳು ನಿಂತುಹೋಗಿದ್ದವು. ಮೇಲ್ವಿಚಾರಣೆಯ ಕೆಲಸಕ್ಕೆಂದು ನಾನು ಕಾರಿನಲ್ಲಿ ಹೊರಟಿದ್ದೆ. ಧಾರವಾಡದ ನಿಲ್ದಾಣದ ಎದುರು ನಮ್ಮ ಕಾಲೇಜಿನ ಐದು ಹುಡುಗಿಯರು, ಸಿಕ್ಕ ಟೆಂಪೋಗಳಿಗೆಲ್ಲ ಕೈ ಮಾಡುತ್ತ ನಿಂತಿದ್ದರು. ಹಳ್ಳಿಗಳಿಂದ ಧಾರವಾಡಕ್ಕೆ ಬಂದು, ಅಲ್ಲಿಂದ ಹುಬ್ಬಳ್ಳಿಗೆ ಬರುವವರು. ಒಬ್ಬಳು ಆಗಲೇ ಅಳುತ್ತಿದ್ದಳು. ಪರೀಕ್ಷೆ ತಪ್ಪಿದರೆ ಅವಳನ್ನು ಮತ್ತೆ ಕಾಲೇಜಿಗೆ ಕಳಿಸುವುದಿಲ್ಲ, ಬೇಸಿಗೆಯಲ್ಲೇ ಲಗ್ನ ಮಾಡುತ್ತಾರೆ ಎಂದು ಉಳಿದವರು ನನಗೆ ಹೇಳಿದರು. ಐವರನ್ನೂ ತುಂಬಿಕೊಂಡೆ. ನಾಲ್ವರು ಹಿಂದೆ, ಒಬ್ಬರ ಮೇಲೊಬ್ಬರು. ಅಳುತ್ತಿದ್ದವಳು ಮುಂದೆ.

ಸತ್ತೂರ ದಾಟುವಾಗ ರಸ್ತೆಯ ಉಬ್ಬೊಂದಕ್ಕೆ ವೇಗ ಇಳಿಸಿದೆ. ಟಪ್ ಎಂದಿತು. ಕ್ಲಚ್ಚಿನ ಪೆಡಲು ನೆಲಕ್ಕೆ ಬಿದ್ದು ಅಲ್ಲೇ ಮಲಗಿತು. ಕಾರು ಒಮ್ಮೆ ಜಗ್ಗಿ ನಿಂತಿತು.

"ಮೇಡಂ, ಏನಾತ್ರಿ?" ಮುಂದಿನವಳ ದನಿ ಅಳುವಿನ ಅಂಚಿಗೆ ಬಂದಿತ್ತು.

ಗಂಟೆ ಹೊಡೆದ ಅರ್ಧ ತಾಸಿನ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಕೈಯಲ್ಲಿ ಇದ್ದದ್ದು ಒಟ್ಟು ಐವತ್ತು ನಿಮಿಷ. ಸುತ್ತ ಒಂದು ಗಾಡಿಯಿಲ್ಲ. ಎಡಗಾಲನ್ನು ಮಡಿಸಿ ಸೀಟಿನ ಮೇಲಿಟ್ಟೆ. ಅದು ತಾನಾಗಿಯೇ ಹೋಯಿತು. ಮೊದಲ ಗೇರಿಗೆ ಹಾಕಿ ಚಾವಿ ತಿರುಗಿಸಿದೆ. ಆರು ಜನರ ಭಾರಕ್ಕೆ ಕಾರು ನರಳಿತು, ಅಲುಗಲಿಲ್ಲ.

"ಇಳೀರಿ ಎಲ್ಲಾರೂ. ಬಾಗಿಲಾ ತಗದ ಇಡ್ರಿ. ಗಾಡಿ ನಡಿಯೂವಾಗ ಹತ್ತಬೇಕು. ಇದು ನಿಲ್ಲಂಗಿಲ್ಲ," ಎಂದೆ.

ಹುಡುಗಿಯರು ಇಳಿದರು. ಹಗುರಾದ ಕಾರು ಕಪ್ಪೆಯಂತೆ ನೆಗೆದು, ಮೊದಲ ಗೇರಿನಲ್ಲಿ ಎಮ್ಮೆಯ ನಡಿಗೆಯಲ್ಲಿ ಹೊರಟಿತು. ಐವರೂ ಪ್ಯಾಡು ಪೆನ್ನು ಹಿಡಿದು ಅಕ್ಕಪಕ್ಕ ಓಡುತ್ತ, ಒಬ್ಬೊಬ್ಬರಾಗಿ ಒಳಗೆ ಹಾರಿದರು. ಕೊನೆಯವಳನ್ನು ಉಳಿದವರು ಜಡೆ, ತೋಳು ಎರಡನ್ನೂ ಹಿಡಿದು ಎಳೆದುಕೊಂಡರು. ಬಾಗಿಲು ಮುಚ್ಚಿದ್ದೇ ನಾನು ಬಲಗಾಲು ಸಡಿಲಿಸಿ, ಅಂಗೈಯಿಂದ ಕೇಳಿದೆ. ಎರಡನೇ ಗೇರು ಜಾರಿ ಕೂತಿತು. ಆಮೇಲೆ ಮೂರನೆಯದು.

ಮುಂದಿನ ದಾರಿ ಪೂರ್ತಿ ಹುಡುಗಿಯರದೇ ಕಾರುಬಾರು. ನವನಗರದ ಹತ್ತಿರ ಎಮ್ಮೆಗಳ ಹಿಂಡು ಅಡ್ಡ ಬಂದಾಗ ಹಿಂದಿನ ಇಬ್ಬರು ಕಿಟಕಿಯಿಂದ ಸೊಂಟದವರೆಗೆ ಹೊರಬಂದು ಬೊಬ್ಬೆ ಹಾಕಿದರು. ಎಮ್ಮೆಗಳು ಎಂದೂ ತೋರದ ಚುರುಕಿನಲ್ಲಿ ಸರಿದವು. ಉಣಕಲ್ಲಿನ ತಿರುವಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಅಳುತ್ತಿದ್ದವಳು ತಲೆ ಹೊರಹಾಕಿ, "ಸರ, ಕ್ಲಚ್ ಇಲ್ರಿ! ಪರೀಕ್ಷಾ ಐತ್ರಿ! ನಿಂತ್ರ ಹೊಂಡಂಗಿಲ್ರಿ!" ಎಂದು ಕಿರುಚಿದಳು. ಅವರು ಒಂದು ಕ್ಷಣ ಬಾಯಿ ತೆರೆದು ನೋಡಿ, ಸಿಳ್ಳೆ ಊದಿ, ಆಚೆ ಈಚೆಯ ಗಾಡಿಗಳನ್ನೆಲ್ಲ ತಡೆದು ನಮಗೆ ದಾರಿ ಬಿಟ್ಟರು. ಆಮೇಲೆ ಅವಳು ಅಳಲಿಲ್ಲ.

ಕಾಲೇಜಿನ ಒಳಗೇ ನುಗ್ಗಿಸಿ ಇಂಜಿನ್ ಆರಿಸಿದೆ. ಗಂಟೆ ಹೊಡೆದು ಹನ್ನೆರಡು ನಿಮಿಷವಾಗಿತ್ತು. ಹುಡುಗಿಯರು ಹಿಂದಿರುಗಿ ನೋಡದೆ ಮೆಟ್ಟಿಲೇರಿ ಓಡಿದರು. ಐವರೂ ಇತಿಹಾಸದಲ್ಲಿ ಪಾಸಾದರು. ಒಬ್ಬಳು ಇಂಗ್ಲಿಷಿನಲ್ಲಿ ಹೋದಳು, ಅದಕ್ಕೆ ಕಾರು ಹೊಣೆಯಲ್ಲ. ಲಗ್ನದ ಭಯವಿದ್ದವಳು ಮುಂದೆ ಓದಿ ಶಿಕ್ಷಕಿಯಾದಳು.

ನಾನು ಹೇಳಿಕಳಿಸಿದ್ದಕ್ಕೆ ಸಂಜೆ ಉಸ್ತಾದರೇ ಕ್ಲಚ್ಚಿನ ಹೊಸ ತಂತಿ ಹಿಡಿದುಕೊಂಡು ಕಾಲೇಜಿಗೆ ಬಂದರು. ನಾನು ಎಲ್ಲವನ್ನೂ ಅವರ ಎಡಗಿವಿಗೆ ಕೂಗಿ ಹೇಳಿದೆ. ಭೇಷ್ ಅನ್ನುತ್ತಾರೆಂದು ಕಾದೆ. ಅವರು, "ಹುಡಿಗ್ಯಾರು ವ್ಯಾಳ್ಯಾಕ್ಕ ಮುಟ್ಟಿದ್ರೋ ಇಲ್ಲೋ?" ಎಂದು ಮಾತ್ರ ಕೇಳಿದರು. ಮುಟ್ಟಿದರು ಎಂದೆ. ಕಾರಿನ ಅಡಿಗೆ ಹೋಗಿ, ಗೇರ್ ಪೆಟ್ಟಿಗೆಯಿಂದ ನಾಲ್ಕು ಹನಿ ಎಣ್ಣೆ ಬೆರಳಿಗೆ ಹಿಡಿದು, ಹೊರಬಂದು ಬಿಸಿಲಿಗೆ ಒಡ್ಡಿ ಹೊಸೆದು ಹೊಸೆದು ನೋಡಿದರು. ಹಲ್ಲು ಸವೆದಿದ್ದರೆ ಎಣ್ಣೆಯಲ್ಲಿ ಲೋಹದ ಪುಡಿ ಹೊಳೆಯುತ್ತದೆ.

"ಒಂದ ಚೂರೂ ಪುಡಿ ಇಲ್ಲ," ಎಂದರು. "ಕೈ ಮೆತ್ತಗ ಅದಾವ ನಿಮ್ಮವು."

ಅಷ್ಟೇ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಶಾಲು, ಫಲಕ ಒಂದಷ್ಟು ಸಿಕ್ಕಿವೆ. ಯಾವುದನ್ನು ಯಾರು ಕೊಟ್ಟರೆಂದು ಈಗ ನೆನಪಿಲ್ಲ. ಈ ಮಾತು ನೆನಪಿದೆ.

ಪರೀಕ್ಷೆ ಮುಗಿದ ಮೇಲೆ ಆ ಐವರನ್ನೂ ಗ್ಯಾರೇಜಿಗೆ ಕರೆತರಲು ಹೇಳಿದರು. ಗಿರಮಿಟ್ಟು, ಮಿರ್ಚಿ ತರಿಸಿಟ್ಟಿದ್ದರು. ತಿಂದಾದ ಮೇಲೆ, ಕೈ ತೊಳೆಯುವ ಮುಂಚೆ, ಪ್ರತಿಯೊಬ್ಬಳೂ ಒಂದೊಂದು ಚಕ್ರ ಬಿಚ್ಚಿ ಮತ್ತೆ ಹಾಕಬೇಕೆಂದು ಉಸ್ತಾದರು ಹಟ ಹಿಡಿದರು. ನಾಲ್ಕು ಚಕ್ರ, ಐದು ಹುಡುಗಿಯರು. ಐದನೆಯವಳು ಸ್ಟೆಪ್ನಿ ಇಳಿಸಿ ಏರಿಸಿದಳು. ಪಾನಾದ ಮೇಲೆ ನಿಂತು ಕುಣಿದರೂ ನಟ್ಟು ಬಿಡದಿದ್ದಾಗ ಉಳಿದವರು ನಕ್ಕು ಹಾಡು ಹೇಳಿದರು. ಓಣಿಯ ಗಂಡಸರು ಗುಂಪುಗೂಡಿ ನೋಡತೊಡಗಿದರು. ಒಬ್ಬರು, "ಉಸ್ತಾದ್, ಹೆಣ್ಣಮಕ್ಕಳಿಗೆ ಇದೆಲ್ಲಾ ಯಾಕ?" ಎಂದು ಎರಡು ಸಲ ಕೂಗಿದರು. ಉಸ್ತಾದರು ಅವರ ತುಟಿಯನ್ನೇ ನೋಡುತ್ತಿದ್ದುದನ್ನು ನಾನು ಕಂಡಿದ್ದೆ. ಆದರೂ ಕಿವಿಗೆ ಕೈ ಹಚ್ಚಿ, "ಕೇಳ್ಸವೊಲ್ದು" ಎಂದು ತಿರುಗಿ ನಿಂತರು.

ಎರಡು ಸಾವಿರದ ಐದಾರು ಕಳೆಯುವಷ್ಟರಲ್ಲಿ ಕಾರುಗಳೇ ಬದಲಾದವು. ಬಾನೆಟ್ ಎತ್ತಿದರೆ ಕಪ್ಪು ಮುಚ್ಚಳ, ಕಂಪ್ಯೂಟರು. ಉಸ್ತಾದರಿಗೆ ಅದರಿಂದ ದುಃಖವಾದದ್ದನ್ನು ನಾನು ಕಾಣೆ. ಒಮ್ಮೆ ಯಾರದೋ ಹೊಸ ಕಾರಿಗೆ ಯಂತ್ರ ಹಚ್ಚಿ ಪರದೆಯ ಮೇಲೆ ದೋಷ ಓದುವುದನ್ನು ನೋಡಿ ಬಂದು, "ಈಗಿನ ಗಾಡಿ ತಮ್ಮ ಜಡ್ಡು ತಾವ ಬರದು ತೋರಸ್ತಾವ್ರಿ ಅಕ್ಕಾರ. ಛಲೋ ಆತು" ಎಂದು ನಿಜಕ್ಕೂ ಸಂತೋಷಪಟ್ಟರು. ಆ ಹೊತ್ತಿಗೆ ಅವರಿಗೆ ಬಗ್ಗಿ ಏಳುವುದು ಕಷ್ಟವಾಗಿತ್ತು. ಹಳೆಯ ಗಿರಾಕಿಗಳ ಹಳೆಯ ಕಾರುಗಳನ್ನು ಮಾತ್ರ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ನಾನು ಹೋಗುತ್ತಿದ್ದೆ. ಯಜಮಾನರು ಹೊಸ ಕಾರು ಕೊಳ್ಳೋಣ ಎಂದು ಹೇಳಿ ಹೇಳಿ ಸುಮ್ಮನಾಗಿದ್ದರು.

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ನಾಲ್ಕು ದಿನ ತಡವಾಗಿ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು, ಚಹಾ ಕುಡಿದು, ಗೋಡೆಗೆ ಒರಗಿ ಕೂತವರು ಹಾಗೆಯೇ ಹೋಗಿದ್ದರಂತೆ. ಗ್ಯಾರೇಜಿಗೆ ಬೀಗ ಬಿದ್ದದ್ದನ್ನು ನೋಡಿ, ಕೇಳಿ, ಹಿಂದಿನ ಓಣಿಯ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಅದುವರೆಗೆ ನೋಡಿರಲಿಲ್ಲ. ಆದರೂ ಒಳಗಿಂದ ಬಂದವರೇ, "ನೀವು ಧಾರವಾಡದ ಅಕ್ಕಾರೇನ್ರಿ?" ಎಂದರು. ನನ್ನ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. ಚಹಾ ಕೊಟ್ಟರು, ಕುಡಿದೆ. ಅಳು ಬರಲಿಲ್ಲ. ಯಾಕೆ ಬರುತ್ತಿಲ್ಲ ಎಂದು ನನಗೇ ನಾಚಿಕೆಯಾಯಿತು.

ಹೊರಬಂದು ಕಾರಿನ ಚಾವಿ ತಿರುಗಿಸಿದೆ. ಟಕ್ ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದೆ. ಟಕ್. ಇಳಿದು, ಬಾನೆಟ್ ಎತ್ತಿ ನೋಡಿದೆ. ಬ್ಯಾಟರಿಯ ತುದಿಗೆ ಹಸಿರು ಬಿಳಿಯ ಕಿಟ್ಟ ಕಟ್ಟಿ, ಹಿಡಿತ ಸಡಿಲಾಗಿತ್ತು. ಸೀಟಿನ ಕೆಳಗಿಂದ ಹತ್ತು ನಂಬರಿನ ಪಾನಾ ತಂದೆ. ತಂತಿಯ ಹಿಡಿಕೆ ಬಿಚ್ಚಿದೆ. ಬಾಟಲಿಯ ನೀರು ಹೊಯ್ದು ತೊಳೆದೆ, ಕರವಸ್ತ್ರದಿಂದ ಒರೆಸಿದೆ, ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದೆ. ಚಾವಿ ತಿರುಗಿಸಿದ್ದೇ ತಡ ಕಾರು ಹೊರಡಲು ಸಿದ್ಧವಾಯಿತು.

ಎದುರಿನ ಕಟ್ಟೆಯ ಮೇಲೆ ಮುದುಕರೊಬ್ಬರು ಕೂತಿದ್ದರು. ಬೇರೆ ಊರಿನಿಂದ ಮಗಳ ಮನೆಗೆ ಬಂದವರಂತೆ ಕಂಡರು. ಎಲ್ಲವನ್ನೂ ನೋಡುತ್ತಿದ್ದವರು ಎದ್ದು ಕಿಟಕಿಯ ಹತ್ತಿರ ಬಂದರು.

"ಭಾಳ ಶಾಣ್ಯಾ ಅದೀರಿ ಬಿಡ್ರಿ ತಾಯಿ. ಯಾರ ಕಡೆ ಕಲ್ತೀರಿ ಇದನ್ನೆಲ್ಲಾ?"

ನಾನು ಕಿಟ್ಟ ಹತ್ತಿದ ಕೈಯೆತ್ತಿ ಉಸ್ತಾದರ ಮನೆಯ ಬಾಗಿಲು ತೋರಿಸಿದೆ. ಅವರು ಅತ್ತ ನೋಡಿ, ನನ್ನ ಕಣ್ಣು ನೋಡಿ, ಕಟ್ಟೆಗೆ ಮರಳಿದರು. ಇಂಜಿನ್ ಓಡುತ್ತಲೇ ಇತ್ತು. ಕಣ್ಣೊರೆಸಿಕೊಂಡು ದಾರಿ ಕಾಣುವಂತಾಗಲು ನನಗೆ ಸುಮಾರು ಹೊತ್ತು ಹಿಡಿಯಿತು.